ಬೇವು, ಕರಿಬೇವು, ಎಂಟು ಕಡ್ಡಿಪೆಟ್ಟಿಗೆ: ಕಂಪ್ಯೂಟರ್ ಇಲ್ಲದೆ ಮಕ್ಕಳಿಗೆ ಕೃತಕ ಬುದ್ಧಿಮತ್ತೆ (ಎಐ) ಕಲಿಸುವ ಬಗೆ

ಕುಷ್ಟಗಿಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು 18 ವರ್ಷಗಳಿಂದ ಗಣಿತ ಕಲಿಸುತ್ತಿದ್ದೇನೆ. 2023ರ ಮಳೆಗಾಲದಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದುನಿಂತು, "ಟೀಚರ್, ಎಐಗೆ ಎಲ್ಲವೂ ಗೊತ್ತಂತೆ. ಹಾಗಾದರೆ ನಾವು ಯಾಕೆ ಓದಬೇಕು?" ಎಂದು ಕೇಳಿದಳು. ಯಾರೂ ನಗಲಿಲ್ಲ. ನಲವತ್ತು ಮಕ್ಕಳು ನನ್ನ ಮುಖವನ್ನೇ ನೋಡುತ್ತಿದ್ದರು. ಭಾಷಣ ಮಾಡಿ ತೀರಿಸುವ ಪ್ರಶ್ನೆ ಅದಾಗಿರಲಿಲ್ಲ. ಯಂತ್ರ ಹೇಗೆ ಕಲಿಯುತ್ತದೆ ಎಂಬುದನ್ನು ಆ ಹುಡುಗಿ ತನ್ನ ಕೈಯಾರೆ ಮಾಡಿ ನೋಡಬೇಕು, ಆಮೇಲೆ ಅವಳೇ ತೀರ್ಮಾನಿಸಲಿ ಎಂದುಕೊಂಡೆ. ಅಂದಿನಿಂದ ಪ್ರತಿ ವರ್ಷ ನಾಲ್ಕು ಶನಿವಾರಗಳ ಬೆಳಗಿನ ಶಾಲೆಯನ್ನು ಇದಕ್ಕೆಂದೇ ಇಡುತ್ತೇನೆ. ಕಂಪ್ಯೂಟರ್ ಬೇಡ, ವಿದ್ಯುತ್ತೂ ಬೇಡ; ಕೊನೆಗೆ ಶಿಕ್ಷಕರ ಒಂದು ಮೊಬೈಲ್ ಇದ್ದರೆ ಸಾಕು. ಬೇರೆ ಶಾಲೆಯ ಶಿಕ್ಷಕರೂ ಮಾಡಿಸಲಿ ಎಂದು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ದಿನ ವ್ಯಾಖ್ಯಾನದಿಂದ ಆರಂಭಿಸಬೇಡಿ. "ನಿಮ್ಮ ಮನೆಯಲ್ಲಿ ಎಐ ಎಲ್ಲಿದೆ?" ಎಂದು ಕೇಳಿ ಬಂದ ಉತ್ತರಗಳನ್ನೆಲ್ಲ ಹಲಗೆಯ ಮೇಲೆ ಬರೆಯಿರಿ. ಮುಖ ತೋರಿಸಿದರೆ ತೆರೆದುಕೊಳ್ಳುವ ಮೊಬೈಲ್, ಒಂದು ವಿಡಿಯೊ ನೋಡಿದರೆ ಅಂಥದೇ ಇನ್ನೊಂದನ್ನು ಮುಂದಿಡುವ ಆ್ಯಪ್, ಮಾತನಾಡಿದರೆ ಟೈಪ್ ಆಗುವ ಸೌಲಭ್ಯ, ಕ್ಯಾಲ್ಕ್ಯುಲೇಟರ್. ನಮ್ಮಲ್ಲಿ ಒಬ್ಬ ಹುಡುಗ ಬೋರ್‌ವೆಲ್ಲಿನ ಆಟೋ ಸ್ಟಾರ್ಟರ್ ಎಂದ. ರಾತ್ರಿ ಎರಡು ಗಂಟೆಗೆ ತ್ರಿಫೇಸ್ ಕರೆಂಟ್ ಬಂದರೆ ಅಪ್ಪ ಎದ್ದು ಹೋಗಬೇಕಾಗಿಲ್ಲ, ಮೋಟಾರ್ ತಾನಾಗಿಯೇ ಚಾಲೂ ಆಗುತ್ತದೆ; ಹಾಗಾದರೆ ಅದಕ್ಕೂ ಬುದ್ಧಿ ಇದೆಯಲ್ಲ ಎಂಬುದು ಅವನ ವಾದ. ಅದು ಬಹಳ ಒಳ್ಳೆಯ ಉದಾಹರಣೆ, ಬಿಡಬೇಡಿ. ಕರೆಂಟ್ ಬಂದರೆ ಮೋಟಾರ್ ಚಾಲೂ ಮಾಡು ಎಂಬ ನಿಯಮವನ್ನು ಮನುಷ್ಯನೇ ಕೂರಿಸಿದ್ದಾನೆ. ಹತ್ತು ವರ್ಷ ಓಡಿದರೂ ಆ ಪೆಟ್ಟಿಗೆ ಹೊಸದೇನನ್ನೂ ಕಲಿಯುವುದಿಲ್ಲ. ಕ್ಯಾಲ್ಕ್ಯುಲೇಟರ್ ಕೂಡ ಅಷ್ಟೇ. ಮುಖ ಗುರುತಿಸುವ ಮೊಬೈಲಿಗೆ ಮಾತ್ರ "ಮೂಗು ಇಷ್ಟು ಉದ್ದವಿದ್ದರೆ ಇವರೇ" ಎಂದು ಯಾರೂ ನಿಯಮ ಬರೆದುಕೊಟ್ಟಿಲ್ಲ. ಅಪಾರ ಸಂಖ್ಯೆಯ ಮುಖಗಳನ್ನು ತೋರಿಸಿ, ಅವುಗಳಿಂದಲೇ ಗುರುತು ಹಿಡಿಯುವ ಬಗೆಯನ್ನು ಅದು ಕಂಡುಕೊಳ್ಳುವಂತೆ ಮಾಡಿದ್ದಾರೆ. ಇಂದು ಎಐ ಎಂದು ಕರೆಯುವುದರಲ್ಲಿ ಬಹುಪಾಲು ಈ ಎರಡನೆಯ ಜಾತಿಯದು.

ಇತಿಹಾಸಕ್ಕೆ ಐದು ನಿಮಿಷ ಸಾಕು. ಯಂತ್ರ ಯೋಚಿಸಬಲ್ಲದೇ ಎಂಬ ಪ್ರಶ್ನೆಯನ್ನು ಬ್ರಿಟನ್ನಿನ ಗಣಿತಜ್ಞ ಅಲನ್ ಟ್ಯೂರಿಂಗ್ 1950ರಲ್ಲಿ ಎತ್ತಿದರು. ಕೃತಕ ಬುದ್ಧಿಮತ್ತೆ ಎಂಬ ಹೆಸರು ಅಮೆರಿಕದ ಜಾನ್ ಮೆಕಾರ್ಥಿ ಮತ್ತು ಸಂಗಡಿಗರು 1955ರಲ್ಲಿ ಬರೆದ ಪ್ರಸ್ತಾವದಲ್ಲಿ ಬಂತು. ಮರುವರ್ಷ ಬೇಸಿಗೆಯಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ಅದರ ಸಭೆ ನಡೆಯಿತು. ನಮ್ಮ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡದ್ದೂ ಅದೇ ದಶಕದಲ್ಲಿ ಎಂದರೆ ಮಕ್ಕಳಿಗೆ ಕಾಲದ ಅಂದಾಜು ಸಿಗುತ್ತದೆ. ಎಐ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ.

ಎಲೆಯ ಪಾಠ

ಎರಡನೆಯ ಶನಿವಾರ ಮಕ್ಕಳಿಗೆ ಬೇವು ಮತ್ತು ಕರಿಬೇವಿನ ಎಲೆಗಳನ್ನು ತರಲು ಹೇಳಿ. ಬೇವು ಶಾಲೆಯ ಅಂಗಳದಲ್ಲೇ ಇರುತ್ತದೆ. ಕರಿಬೇವು ಯಾರದಾದರೂ ಹಿತ್ತಲಿನಿಂದ ಬರುತ್ತದೆ. ಎರಡನ್ನೂ ಬೆರೆಸಿ ಮೇಜಿನ ಮೇಲೆ ಸುರಿದು, "ಇವನ್ನು ನೋಡಿ ಬೇರ್ಪಡಿಸುವ ನಿಯಮ ಬರೆಯಿರಿ" ಎಂದು ಕೇಳಿ. ಹಸಿರು ಎಂದು ಬರೆಯುತ್ತಾರೆ, ಎರಡೂ ಹಸಿರೇ. ಉದ್ದ ಎನ್ನುತ್ತಾರೆ, ಎಷ್ಟು ಉದ್ದ ಎಂದು ಕೇಳಿದರೆ ಜಗಳ ಶುರುವಾಗುತ್ತದೆ. ಕಣ್ಣಿಗೆ ಗೊತ್ತಿರುವುದನ್ನು ನಿಯಮವಾಗಿ ಬರೆಯುವುದು ಎಷ್ಟು ಕಷ್ಟ ಎಂಬುದು ಅವರಿಗೆ ತಟ್ಟಿದ ಮೇಲೆ ಗ್ರಾಫ್ ಹಾಳೆ ಕೊಡಿ.

ಪ್ರತಿ ಜಾತಿಯ 20 ಎಲೆ ಆರಿಸಿ. ತೊಟ್ಟಿನಲ್ಲಿ ಸಾಲಾಗಿರುವ ಕಿರುಎಲೆಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳಬೇಕು. ಎರಡೂ ಗುಂಪಿನಿಂದ ಐದೈದು ಎಲೆಗಳನ್ನು ಲಕೋಟೆಯಲ್ಲಿ ಹಾಕಿ ಮುಚ್ಚಿಡಿ, ಅವು ಪರೀಕ್ಷೆಗೆ. ಉಳಿದ 30 ಎಲೆಗಳ ಉದ್ದ ಮತ್ತು ಅಗಲವನ್ನು ಅಳೆದು, ಉದ್ದವನ್ನು ಅಡ್ಡಗೆರೆಯ ಮೇಲೂ ಅಗಲವನ್ನು ನಿಲುಗೆರೆಯ ಮೇಲೂ ಹಿಡಿದು ಒಂದೊಂದು ಎಲೆಗೆ ಒಂದೊಂದು ಚುಕ್ಕೆ ಇಡಿಸಿ. ಬೇವಿಗೆ ಹಸಿರು ಶಾಯಿ, ಕರಿಬೇವಿಗೆ ಕೆಂಪು. ನಮ್ಮ ಬಲಿತ ಬೇವಿನೆಲೆಗಳು 6 ಸೆಂಟಿಮೀಟರ್ ಆಸುಪಾಸು, ಕರಿಬೇವು 3ರ ಆಸುಪಾಸು ಇದ್ದವು. ಹಾಳೆಯ ಮೇಲೆ ಎರಡು ಹಿಂಡು ತಾನಾಗಿಯೇ ಎದ್ದು ಕಾಣುತ್ತದೆ.

ಈಗ ಲಕೋಟೆಯ ಎಲೆಯೊಂದನ್ನು ತೆಗೆಯಿರಿ. ಅದು ಯಾವುದೆಂದು ಅಳೆಯುವವನಿಗೆ ಮಾತ್ರ ಗೊತ್ತಿರಲಿ. ಹಾಳೆಯ ಮುಂದೆ ಕುಳಿತವರಿಗೆ ಅವನು ಎರಡು ಸಂಖ್ಯೆಗಳನ್ನಷ್ಟೇ ಹೇಳಲಿ. ಅವರು ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟು, ಅದಕ್ಕೆ ಅತಿ ಹತ್ತಿರದ ಮೂರು ಚುಕ್ಕೆಗಳನ್ನು ಅಳತೆಪಟ್ಟಿಯಿಂದ ಹುಡುಕಲಿ. ಮೂರರಲ್ಲಿ ಎರಡು ಹಸಿರಾದರೆ ಉತ್ತರ ಬೇವು. ಇದು ಮಕ್ಕಳಿಗಾಗಿ ಹೆಣೆದ ಆಟವಲ್ಲ, ಯಂತ್ರ ಕಲಿಕೆಯಲ್ಲಿ ನಿಜವಾಗಿಯೂ ಬಳಕೆಯಲ್ಲಿರುವ ವಿಧಾನ. ಹೊಸಬ ಯಾರೆಂದು ತಿಳಿಯಲು ಅವನ ನೆರೆಯವರನ್ನು ಕೇಳುವುದು, ಅಷ್ಟೇ.

ಪರೀಕ್ಷೆಯ ಎಲೆಗಳನ್ನು ಮುಚ್ಚಿಡುವುದು ಏಕೆಂದು ಮಕ್ಕಳಿಂದಲೇ ಹೇಳಿಸಿ. ಪುಸ್ತಕದಲ್ಲಿ ಬಿಡಿಸಿದ ಲೆಕ್ಕಗಳನ್ನೇ ಪರೀಕ್ಷೆಗೆ ಕೊಟ್ಟರೆ ಬಾಯಿಪಾಠ ಮಾಡಿದವನೂ ನೂರಕ್ಕೆ ನೂರು ತೆಗೆಯುತ್ತಾನೆ ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಮೊದಲ ವರ್ಷ ನಮ್ಮ ಹಾಳೆ ಹತ್ತರಲ್ಲಿ ಎಂಟು ಸರಿ ಹೇಳಿತು. ತಪ್ಪಿದ ಎರಡೂ ಕೊಂಬೆಯ ತುದಿಯ ಎಳೆ ಬೇವಿನೆಲೆಗಳು; ಗಿಡ್ಡಗಿದ್ದುದರಿಂದ ಕೆಂಪು ಚುಕ್ಕೆಗಳ ನಡುವೆ ಹೋಗಿ ಕುಳಿತಿದ್ದವು. ಮಕ್ಕಳು ಹಾಳೆಯನ್ನು ದೂರಿದರು. ಕಲಿಸುವ ಎಲೆಗಳನ್ನು ಒಮ್ಮೆ ಮತ್ತೆ ನೋಡಿ ಎಂದೆ. ಒಂದೇ ಒಂದು ಎಳೆ ಬೇವಿನೆಲೆ ಅದರಲ್ಲಿ ಇರಲಿಲ್ಲ. ದೊಡ್ಡ, ಚೆಂದದ ಎಲೆಗಳನ್ನೇ ಆರಿಸಿ ತಂದಿದ್ದರು. ಯಂತ್ರದ ಪಕ್ಷಪಾತ ಎಂಬ ದೊಡ್ಡ ಮಾತು ಅಲ್ಲಿ ಚಿಕ್ಕದಾಗಿ, ಸ್ಪಷ್ಟವಾಗಿ ಕಣ್ಣೆದುರು ಬಿದ್ದಿತ್ತು. ತೋರಿಸದೇ ಬಿಟ್ಟದ್ದನ್ನು ಅದು ಕಲಿಯುವುದಿಲ್ಲ. ಎಳೆ ಎಲೆಗಳನ್ನೂ ಸೇರಿಸಿದೆವು, ಆಗ ಎರಡು ಹಿಂಡು ಒಂದರೊಳಗೊಂದು ಬೆರೆತು ಗೊಂದಲ ಹೆಚ್ಚಿತು. ಕೊನೆಗೆ ಮೂರನೆಯ ಅಳತೆ ಬೇಕಾಯಿತು: ಅಂಚಿನ ಹಲ್ಲು. ಬೇವಿನಲ್ಲಿ ಗರಗಸದಂತೆ ಎಣಿಸಬಹುದು, ಕರಿಬೇವಿನ ಅಂಚು ಬರಿಗಣ್ಣಿಗೆ ಹೆಚ್ಚುಕಡಿಮೆ ನಯವಾಗಿಯೇ ಕಾಣುತ್ತದೆ. ಯಾವುದನ್ನು ಅಳೆಯಬೇಕು ಎಂದು ಆರಿಸುವುದೇ ಅರ್ಧ ಕೆಲಸ.

ಆ ಹೊತ್ತಿಗೆ ಬಿಸಿಯೂಟದ ಅಡುಗೆಯಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮಕ್ಕಳು ಅವರ ಕಣ್ಣು ಕಟ್ಟಿ ಅದೇ ಹತ್ತು ಎಲೆಗಳನ್ನು ಕೈಗೆ ಕೊಟ್ಟರು. ಅಕ್ಕ ಪ್ರತಿ ಎಲೆಯನ್ನು ಬೆರಳಿನಲ್ಲಿ ಹಿಸುಕಿ ಮೂಗಿಗೆ ಹಿಡಿದು ಹತ್ತಕ್ಕೆ ಹತ್ತೂ ಸರಿ ಹೇಳಿದರು. "ನಮ್ಮ ಹಾಳೆಗೆ ಮೂಗಿಲ್ಲ, ಟೀಚರ್" ಎಂದಳು, ಯಾಕೆ ಓದಬೇಕು ಎಂದು ಕೇಳಿದ್ದ ಹುಡುಗಿಯೇ.

ಒಂದು ಹೊಂಗೆ ಎಲೆಯನ್ನು ಕೊನೆಗೆ ಇಟ್ಟುಕೊಳ್ಳಿ. ಅದರ ಉದ್ದಗಲ ಹೇಳಿದರೆ ಚುಕ್ಕೆ ಎರಡೂ ಹಿಂಡಿನಿಂದ ದೂರ, ಹಾಳೆಯ ಮೂಲೆಗೆ ಹೋಗಿ ಬೀಳುತ್ತದೆ. ಆದರೂ ಹತ್ತಿರದ ಮೂರು ಚುಕ್ಕೆಗಳು ಇದ್ದೇ ಇರುತ್ತವೆ, ಅವು ಹಸಿರು, ಹಾಗಾಗಿ ಉತ್ತರ ಬೇವು. "ಇದು ನನಗೆ ತಿಳಿಯದು" ಎಂಬ ಉತ್ತರ ಹೇಳುವ ದಾರಿಯನ್ನು ನಾವು ಅದಕ್ಕೆ ಕೊಟ್ಟೇ ಇರಲಿಲ್ಲ. ನಾಲ್ಕು ಶನಿವಾರಗಳಲ್ಲಿ ಅತಿ ಮುಖ್ಯವಾದ ಹತ್ತು ನಿಮಿಷ ಯಾವುದು ಎಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಗೆದ್ದು ಸೋತು ಕಲಿಯುವ ಪೆಟ್ಟಿಗೆ

ಮೂರನೆಯ ವಾರ ಎಂಟು ಖಾಲಿ ಕಡ್ಡಿಪೆಟ್ಟಿಗೆ ಬೇಕು. ಇದರ ಮೂಲ ಡೊನಾಲ್ಡ್ ಮಿಕಿ ಎಂಬ ಬ್ರಿಟನ್ನಿನ ವಿಜ್ಞಾನಿಯದು. 1961ರಲ್ಲಿ ಅವರು 304 ಕಡ್ಡಿಪೆಟ್ಟಿಗೆಗಳಲ್ಲಿ ಬಣ್ಣದ ಮಣಿಗಳನ್ನು ತುಂಬಿ, ಒಂಬತ್ತು ಮನೆಗಳಲ್ಲಿ ಸೊನ್ನೆ ಮತ್ತು ಗುಣಿಸು ಚಿಹ್ನೆ ಬರೆದು ಆಡುವ ಆಟವನ್ನು ಪೆಟ್ಟಿಗೆಗಳೇ ಕಲಿಯುವಂತೆ ಮಾಡಿದರು. 304 ಪೆಟ್ಟಿಗೆ ನಮಗೆ ಆಗದ ಮಾತು. ಅದಕ್ಕೆ ನಾನು ಸಣ್ಣ ಆಟ ಆರಿಸಿದ್ದೇನೆ.

ನೆಲದ ಮೇಲೆ 8 ಹರಳು ಇಡಿ. ಇಬ್ಬರು ಸರದಿಯ ಮೇಲೆ ಒಂದು ಅಥವಾ ಎರಡು ಹರಳು ಎತ್ತಬೇಕು. ಕೊನೆಯ ಹರಳು ಎತ್ತಿದವರು ಗೆದ್ದಂತೆ. ಒಬ್ಬ ಆಟಗಾರ ವಿದ್ಯಾರ್ಥಿ, ಇನ್ನೊಬ್ಬ ಆಟಗಾರ ಪೆಟ್ಟಿಗೆಗಳ ಸಾಲು, ಮೊದಲ ಸರದಿ ಯಾವಾಗಲೂ ಪೆಟ್ಟಿಗೆಗಳದು. ಪೆಟ್ಟಿಗೆಗಳ ಮೇಲೆ 1ರಿಂದ 8ರವರೆಗೆ ಬರೆಯಿರಿ. ಪ್ರತಿಯೊಂದರಲ್ಲಿ ಎರಡು ಸಾದಾ ಹುಣಸೆ ಬೀಜ, ಸುಣ್ಣ ಹಚ್ಚಿ ಒಣಗಿಸಿದ ಎರಡು ಬಿಳಿ ಹುಣಸೆ ಬೀಜ ಹಾಕಿ. ಸಾದಾ ಬೀಜ ಬಂದರೆ ಒಂದು ಹರಳು ಎತ್ತಬೇಕು, ಬಿಳಿ ಬಂದರೆ ಎರಡು. ಒಂದನೆಯ ಪೆಟ್ಟಿಗೆಯಲ್ಲಿ ಸಾದಾ ಮಾತ್ರ ಇರಲಿ. ನೆಲದ ಮೇಲೆ ಎಷ್ಟು ಹರಳು ಉಳಿದಿದೆಯೋ ಆ ಸಂಖ್ಯೆಯ ಪೆಟ್ಟಿಗೆಯಿಂದ ಕಣ್ಣು ಮುಚ್ಚಿ ಒಂದು ಬೀಜ ತೆಗೆದು, ಅದು ಹೇಳಿದಂತೆ ಆಡಿ, ಬೀಜವನ್ನು ಪೆಟ್ಟಿಗೆಯ ಮುಂದೆ ಇಡಬೇಕು.

ಆಟ ಮುಗಿದ ಮೇಲೆ ಶಿಕ್ಷೆ, ಬಹುಮಾನ. ಪೆಟ್ಟಿಗೆಗಳು ಗೆದ್ದರೆ ತೆಗೆದ ಬೀಜಗಳೆಲ್ಲ ತಮ್ಮ ತಮ್ಮ ಪೆಟ್ಟಿಗೆಗೆ ಮರಳುತ್ತವೆ, ಜೊತೆಗೆ ಅದೇ ಬಗೆಯ ಇನ್ನೊಂದು ಬೀಜವೂ ಸೇರುತ್ತದೆ. ಸೋತರೆ ಕೊನೆಯ ಸಲ ತೆಗೆದ ಬೀಜವನ್ನು ಹೊರಗೆ ಹಾಕಿ, ಉಳಿದವನ್ನು ಹಿಂದಿರುಗಿಸಿ. ಯಾವುದಾದರೂ ಪೆಟ್ಟಿಗೆ ಪೂರ್ತಿ ಬರಿದಾಗಿದ್ದರೆ, ಆಟ ಅಲ್ಲಿಗೆ ಬಂದಾಗ ಯಂತ್ರ ಸೋಲೊಪ್ಪಿಕೊಳ್ಳುತ್ತದೆ, ಅದಕ್ಕೂ ಹಿಂದಿನ ನಡೆಯ ಬೀಜ ಹೊರಗೆ ಹೋಗುತ್ತದೆ.

ಹುಣಸೆ ಬೀಜವನ್ನೇ ಏಕೆ ಹೇಳುತ್ತಿದ್ದೇನೆ ಎಂದರೆ, ಮೊದಲ ವರ್ಷ ನಾನು ಜೋಳ ಮತ್ತು ಕಡಲೆ ಹಾಕಿದ್ದೆ. ಬೀಜ ತೆಗೆಯುವ ಹುಡುಗನ ಬೆರಳಿಗೆ ಗಾತ್ರ ಗೊತ್ತಾಗಿ, ತನಗೆ ಬೇಕಾದ್ದನ್ನೇ ಎತ್ತತೊಡಗಿದ. ಆಗ ಆಡುವುದು ಪೆಟ್ಟಿಗೆಯಲ್ಲ, ಹುಡುಗ. ಅದೂ ಅಲ್ಲದೆ ದಸರೆ ರಜೆ ಮುಗಿಸಿ ಬರುವಷ್ಟರಲ್ಲಿ ಕಡಲೆಗೆ ಹುಳು ಬಿದ್ದಿತ್ತು.

ಆರಂಭದ ಆಟಗಳಲ್ಲಿ ಪೆಟ್ಟಿಗೆಗಳು ಸೋಲುತ್ತಲೇ ಹೋಗುತ್ತವೆ. ಪ್ರತಿ ಆಟದ ಫಲಿತಾಂಶವನ್ನು ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಗುರುತಿಸಿ. ನಮ್ಮಲ್ಲಿ ಸುಮಾರು 30 ಆಟ ಮುಗಿದ ಮೇಲೆ ಗಾಳಿ ತಿರುಗಿತು. ಮೂರನೆಯ ಪೆಟ್ಟಿಗೆ ಬರಿದಾಯಿತು, ಆಮೇಲೆ ಆರನೆಯದೂ ಬರಿದಾಯಿತು, ಎಂಟನೆಯದರಲ್ಲಿ ಬಿಳಿ ಬೀಜ ಮಾತ್ರ ಉಳಿಯಿತು. ಆಮೇಲೆ ತರಗತಿಯ ಯಾರಿಗೂ ಅದನ್ನು ಸೋಲಿಸಲಾಗಲಿಲ್ಲ. ಎದುರಾಳಿಗೆ 3, 6 ಹೀಗೆ ಮೂರರ ಗುಣಕಗಳನ್ನು ಬಿಟ್ಟುಕೊಡುವುದೇ ಗೆಲುವಿನ ಗುಟ್ಟು. ಹುಣಸೆ ಬೀಜಕ್ಕೆ ಗುಣಕ ಎಂದರೇನೆಂದು ಗೊತ್ತಿಲ್ಲ. ನಾವೂ ಹೇಳಿಕೊಟ್ಟಿಲ್ಲ. ಆದರೂ ಬೀಜಗಳ ಲೆಕ್ಕದಲ್ಲಿ ಆ ಗುಟ್ಟು ಬಂದು ಕುಳಿತಿರುತ್ತದೆ. "ಹಾಗಾದರೆ ಬುದ್ಧಿ ಎಲ್ಲಿದೆ? ಪೆಟ್ಟಿಗೆಯಲ್ಲೋ, ಬೀಜದಲ್ಲೋ, ನಿಯಮ ಮಾಡಿದ ನಮ್ಮಲ್ಲೋ?" ಎಂದು ಕೇಳಿ ಸುಮ್ಮನೆ ನಿಲ್ಲಿ. ನನ್ನ ತರಗತಿಯಲ್ಲಿ ಈ ಚರ್ಚೆ ಗಂಟೆ ಬಾರಿಸಿದ ಮೇಲೂ ಅಂಗಳದಲ್ಲಿ ಮುಂದುವರಿಯಿತು. ಏಳನೆಯ ಪೆಟ್ಟಿಗೆಯನ್ನು ಒಂದು ಸಲವೂ ತೆರೆಯಬೇಕಾಗುವುದಿಲ್ಲ. ಏಕೆ ಎಂಬುದನ್ನು ಮನೆಗೆಲಸವಾಗಿ ಕೊಡಿ.

ಇಲ್ಲಿ ಒಂದು ಎಚ್ಚರ. ಒಂದು ಗುಂಪಿನವರು ಬೇಗ ಮುಗಿಸುವ ಆತುರದಲ್ಲಿ ಯೋಚಿಸದೆ ಹರಳು ಎತ್ತುತ್ತಿದ್ದರು. ಅವರ ಮೂರನೆಯ ಪೆಟ್ಟಿಗೆ ಬರಿದಾಗುವ ಬದಲು ತುಂಬಿಕೊಂಡಿತು. ಎದುರಾಳಿಯ ತಪ್ಪಿನಿಂದ ಸಿಕ್ಕ ಗೆಲುವಿಗೂ ಬಹುಮಾನ ಬಿದ್ದು, ಕೆಟ್ಟ ನಡೆಯೇ ಗಟ್ಟಿಯಾಗಿತ್ತು. ಚೆನ್ನಾಗಿ ಆಡುವವರೊಡನೆ ಆಡಿದ ಪೆಟ್ಟಿಗೆ ಮಾತ್ರ ಚೆನ್ನಾಗಿ ಕಲಿಯಿತು. 2016ರಲ್ಲಿ ಗೋ ಎಂಬ ಹಲಗೆಯಾಟದಲ್ಲಿ ದಕ್ಷಿಣ ಕೊರಿಯಾದ ಹೆಸರಾಂತ ಆಟಗಾರ ಲೀ ಸೆಡೋಲ್ ಅವರನ್ನು 4–1ರಿಂದ ಸೋಲಿಸಿದ ಆಲ್ಫಾಗೋ ಎಂಬ ಕಂಪ್ಯೂಟರ್ ಪ್ರೋಗ್ರಾಂ, ಒಳ್ಳೆಯ ಆಟಗಾರರ ಆಟಗಳನ್ನು ಕಲಿತು, ಆಮೇಲೆ ತನ್ನೊಡನೆ ತಾನೇ ಲೆಕ್ಕವಿಲ್ಲದಷ್ಟು ಸಲ ಆಡಿ ಬಲಿತದ್ದು ಎಂದು ಹೇಳಲು ಇದೇ ಸರಿಯಾದ ಹೊತ್ತು.

ಮುಂದಿನ ಪದ ಯಾವುದು?

ನಾಲ್ಕನೆಯ ಶನಿವಾರ, ಕೇಳಿದ್ದಕ್ಕೆ ವಾಕ್ಯಗಳಲ್ಲಿ ಉತ್ತರ ಬರೆಯುವ ಚಾಟ್‌ಬಾಟ್‌ಗಳ ಸರದಿ. ಬಾಗಿಲಿನಿಂದ ಒಳಗೆ ಬರುತ್ತಲೇ "ಕೈ ಕೆಸರಾದರೆ" ಎಂದು ಕೂಗಿ. ಇಡೀ ತರಗತಿ "ಬಾಯಿ ಮೊಸರು" ಎನ್ನುತ್ತದೆ. ಯೋಚಿಸಿ ಹೇಳಿದಿರಾ ಎಂದು ಕೇಳಿ. ಇಲ್ಲ, ಕೇಳಿ ಕೇಳಿ ಬಾಯಿಗೆ ಬಂದದ್ದು. ಒಂದರ ಹಿಂದೆ ಇನ್ನೊಂದು ಯಾವುದು ಬರುತ್ತದೆ ಎಂದು ಎಣಿಸುವ ಕೆಲಸವನ್ನು ರಷ್ಯಾದ ಗಣಿತಜ್ಞ ಆಂದ್ರೇ ಮಾರ್ಕೋವ್ 1913ರಲ್ಲೇ ಮಾಡಿದ್ದರು. ಕಾವ್ಯವೊಂದರ 20,000 ಅಕ್ಷರಗಳನ್ನು ಕೈಯಿಂದಲೇ ಎಣಿಸಿ, ಸ್ವರದ ನಂತರ ವ್ಯಂಜನ ಎಷ್ಟು ಸಲ, ವ್ಯಂಜನದ ನಂತರ ಸ್ವರ ಎಷ್ಟು ಸಲ ಎಂದು ಲೆಕ್ಕ ಹಾಕಿದರು.

ಪ್ರತಿಯೊಬ್ಬರೂ ಊರಿನ ಸಂತೆಯ ಬಗ್ಗೆ ಮೂರು ವಾಕ್ಯ ಬರೆಯಲಿ. ಆಮೇಲೆ ಪದಗಳನ್ನು ಹಂಚಿಕೊಂಡು, ತನ್ನ ಪಾಲಿನ ಪದದ ನಂತರ ಬಂದ ಪದಗಳನ್ನೆಲ್ಲ ಚೀಟಿಗಳಲ್ಲಿ ಬರೆದು ಲೋಟಕ್ಕೆ ಹಾಕಲಿ. ಎಷ್ಟು ಸಲ ಬಂದಿದೆಯೋ ಅಷ್ಟು ಚೀಟಿ. ಈಗ "ಅಪ್ಪ" ಎಂಬ ಲೋಟದಿಂದ ಶುರು ಮಾಡಿ ಚೀಟಿ ಎತ್ತುತ್ತ, ಬಂದ ಪದದ ಲೋಟಕ್ಕೆ ಹೋಗುತ್ತ ವಾಕ್ಯ ಕಟ್ಟಿ. ನಮಗೆ ಬಂದ ಒಂದು ವಾಕ್ಯ: "ಅಪ್ಪ ಸಂತೆಯಲ್ಲಿ ಮಂಡಕ್ಕಿ ತಿಂದ ಎತ್ತು ಮನೆಗೆ ತಂದನು." ಮಕ್ಕಳು ನಕ್ಕು ಸುಸ್ತಾದರು. ವ್ಯಾಕರಣ ಸರಿಯಾಗಿದೆ, ಸಂಗತಿ ಸುಳ್ಳು. ಅಂಥ ಎತ್ತು ಯಾರ ಮನೆಯಲ್ಲೂ ಇಲ್ಲ. ಲೋಟಗಳಿಗೆ ಸಂತೆ ಗೊತ್ತಿಲ್ಲ, ಸಂತೆಯ ಬಗ್ಗೆ ಬರೆದ ಪದಗಳ ಸಾಲು ಮಾತ್ರ ಗೊತ್ತು.

ದೊಡ್ಡ ಚಾಟ್‌ಬಾಟ್‌ಗಳು ಹೀಗೆ ಹಿಂದಿನ ಒಂದೇ ಪದವನ್ನು ನೋಡುವುದಿಲ್ಲ ಎಂಬುದನ್ನೂ ತಪ್ಪದೆ ಹೇಳಿ. ಇಲ್ಲವಾದರೆ ಮಕ್ಕಳಿಗೆ ಅರ್ಧಸತ್ಯ ಕಲಿಸಿದಂತಾಗುತ್ತದೆ. "ಮರ ಹತ್ತು", "ಹತ್ತು ಮರ" ಎಂದು ಹಲಗೆಯ ಮೇಲೆ ಬರೆಯಿರಿ. ಹತ್ತು ಎಂದರೆ ಏರು ಎಂದೋ ಸಂಖ್ಯೆಯೋ ಎಂದು ತಿಳಿಯಲು ಸುತ್ತಲಿನ ಪದಗಳನ್ನು ನೋಡಲೇಬೇಕು. ಯಾವ ಪದದ ಕಡೆಗೆ ಎಷ್ಟು ಗಮನ ಕೊಡಬೇಕು ಎಂಬುದನ್ನೂ ಯಂತ್ರವೇ ಕಲಿಯುವುದನ್ನೇ ತಳಹದಿಯಾಗಿಟ್ಟುಕೊಂಡ ವಿಧಾನ 2017ರಲ್ಲಿ ಬಂತು, ಅದರ ಹೆಸರು ಟ್ರಾನ್ಸ್‌ಫಾರ್ಮರ್. ನಮ್ಮ ಹುಣಸೆ ಬೀಜಗಳ ಜಾಗದಲ್ಲಿ ಅಲ್ಲಿರುವುದು ಸಂಖ್ಯೆಗಳು, ಕಲಿಸುವ ಹಂತದಲ್ಲಿ ತಪ್ಪಿದಾಗಲೆಲ್ಲ ಅವು ಚೂರುಚೂರೇ ತಿದ್ದಿಕೊಳ್ಳುತ್ತವೆ. 2020ರ ಜಿಪಿಟಿ-3 ಎಂಬ ಮಾದರಿಯಲ್ಲಿ ಅಂಥ ಸಂಖ್ಯೆಗಳು 17,500 ಕೋಟಿ ಇದ್ದವು. ಇಂಥ ಸಂಖ್ಯೆಗಳ ಹೆಣಿಗೆಗೆ ನರಜಾಲ ಎನ್ನುತ್ತಾರೆ; ಅದರ ಒಳಗಣಿತ ಒಂಬತ್ತನೆಯ ತರಗತಿಗೆ ಇಷ್ಟು ಸಾಕು ಎಂಬುದು ನನ್ನ ಅಭಿಪ್ರಾಯ. ಯಂತ್ರಕ್ಕೆ ಕನ್ನಡವೂ ಸಂಖ್ಯೆಯೇ, ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ "ಕ" ಎಂದರೆ 3221, "ಖ" 3222 ಎಂದು ಹೇಳಿದರೆ ಮಕ್ಕಳು ತಮ್ಮ ಹೆಸರನ್ನು ಸಂಖ್ಯೆಯಲ್ಲಿ ಬರೆಯಲು ಕುಳಿತುಬಿಡುತ್ತಾರೆ. ಬರೆಯಲಿ.

ಇಷ್ಟಾದ ಮೇಲೆ, ಆಮೇಲೆ ಮಾತ್ರ, ನನ್ನ ಮೊಬೈಲಿನಲ್ಲಿ ಚಾಟ್‌ಬಾಟ್ ತೆರೆಯುತ್ತೇನೆ. ಪ್ರಶ್ನೆ ಮಕ್ಕಳದು, ಟೈಪ್ ಮಾಡುವವಳು ನಾನು. ಅವರ ಹೆಸರು, ಫೋಟೊ, ಮನೆಯ ವಿವರ ಯಾವುದನ್ನೂ ಅದಕ್ಕೆ ಕೊಡುವುದಿಲ್ಲ. ಮೊದಲು ಉತ್ತರ ಗೊತ್ತಿರುವುದನ್ನೇ ಕೇಳಬೇಕು ಎಂಬುದು ನಮ್ಮ ನಿಯಮ. ಅಶೋಕನ ಹೆಸರಿರುವ ಮಸ್ಕಿಯ ಶಾಸನ 1915ರಲ್ಲಿ ಸಿಕ್ಕಿತು, ಕೊಪ್ಪಳದಲ್ಲಿ ಗವಿಮಠದ ಬಳಿ ಮತ್ತು ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆ ಎಂಬುದು ಮಕ್ಕಳಿಗೆ ಗೊತ್ತು. ಅದನ್ನು ಕೇಳಿದಾಗ ಉತ್ತರ ಬಹುಮಟ್ಟಿಗೆ ಸರಿಯಿತ್ತು. ನಮ್ಮೂರಿನ ಕೆರೆ ಕಟ್ಟಿಸಿದವರು ಯಾರು ಎಂದು ಕೇಳಿದಾಗ ಅದು ಒಬ್ಬ ರಾಜನ ಹೆಸರು ಹೇಳಿತು. ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ ಬೇರೊಬ್ಬ ರಾಜ. ಎರಡು ಸಲವೂ ಅದೇ ಗಟ್ಟಿದನಿ. "ಹೊಂಗೆ ಎಲೆ!" ಎಂದು ಹಿಂದಿನ ಬೆಂಚಿನಿಂದ ಕೂಗು ಬಂತು. ಇದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ.

ಕಂಪ್ಯೂಟರ್, ಇಂಟರ್‌ನೆಟ್ ಇರುವ ಶಾಲೆಯವರು ಈ ನಾಲ್ಕು ವಾರಗಳ ನಂತರ ಗೂಗಲ್‌ನ ಟೀಚಬಲ್ ಮಷೀನ್ ಎಂಬ ಜಾಲತಾಣ ಬಳಸಬಹುದು, ಉಚಿತವಾಗಿದೆ. ಕ್ಯಾಮೆರಾಕ್ಕೆ ಬೇವು, ಕರಿಬೇವಿನ ಎಲೆಗಳನ್ನು ತೋರಿಸಿ ಅದೇ ಪಾಠವನ್ನು ಚಿತ್ರಗಳಲ್ಲಿ ಮಾಡಿಸಿ. ಮಕ್ಕಳ ಮುಖಗಳನ್ನು ತೋರಿಸಬೇಡಿ, ಎಲೆಗಳೇ ಸಾಕು.

ಕಳೆದ ವರ್ಷ ಧ್ವನಿ ಟೈಪಿಂಗನ್ನೂ ಸೇರಿಸಿದೆ. ಯಾಕೆ ಓದಬೇಕು ಎಂದು ಕೇಳಿದ್ದ ಆ ಹುಡುಗಿ ಈಗ ಕುಷ್ಟಗಿಯಲ್ಲಿ ಪಿಯುಸಿ ಓದುತ್ತಿದ್ದಾಳೆ. ಆ ಶನಿವಾರ ಸಹಾಯಕ್ಕೆಂದು ಬಂದಿದ್ದವಳು ಮೊಬೈಲಿಗೆ "ಅಜ್ಜಿ ಕೂರಿಗೆ ಪೂಜೆ ಮಾಡಿದಳು" ಎಂದಳು. ಕೂರಿಗೆ ಎಂದರೆ ಬೀಜ ಬಿತ್ತುವ ಸಾಧನ. ಪರದೆಯ ಮೇಲೆ "ಅಜ್ಜಿ ಊರಿಗೆ ಪೂಜೆ ಮಾಡಿದಳು" ಎಂದು ಮೂಡಿತು. ಮೂರು ಸಲ ಹೇಳಿದರೂ ಊರಿಗೆ. ಕಾರಣವನ್ನು ಒಂಬತ್ತನೆಯ ತರಗತಿಯವರೇ ಹೇಳಿದರು: ಅದರ ಲೋಟದಲ್ಲಿ "ಊರಿಗೆ" ಎಂಬ ಚೀಟಿಗಳು ಸಾವಿರಾರು ಇದ್ದಿರಬೇಕು, "ಕೂರಿಗೆ" ಒಂದೋ ಎರಡೋ. ಅವಳು ಆ ವಾರವೇ ಇನ್ನೂರು ಪುಟದ ನೋಟ್‌ಬುಕ್ ತಂದು ಮೊದಲ ಪುಟದಲ್ಲಿ ಕೂರಿಗೆ, ರಂಟೆ, ಎಡೆಕುಂಟೆ ಎಂದು ಬರೆದಳು. ಪ್ರತಿ ಪದಕ್ಕೂ ಐದು ವಾಕ್ಯ, ಹೇಳಿದವರ ಊರು, ಬರೆದುಕೊಂಡ ದಿನಾಂಕ. ನೋಟ್‌ಬುಕ್ ಈಗ ಶಾಲೆಯ ಕಪಾಟಿನಲ್ಲಿ ಕಡ್ಡಿಪೆಟ್ಟಿಗೆಗಳ ಪಕ್ಕದಲ್ಲಿದೆ. 140 ಪದಗಳಾಗಿವೆ, ಮಕ್ಕಳು ಸಂಜೆಯ ಹೊತ್ತು ತಮ್ಮ ಅಜ್ಜಿಯರ ಬಳಿ ಕುಳಿತು ಮುಂದಿನವನ್ನು ಕೇಳಿ ಬರೆದು ತರುತ್ತಿದ್ದಾರೆ.